ಯಾರೂ ನೋಡದ ಬಾಯಿ

ಬೋಡೋ,
ಫೆಬ್ರವರಿ ೧೨, ೨೦೧೯

ಪ್ರೀತಿಯ ತೂರ್ಲೈಫ್ ಅಣ್ಣಾ,

ಸ್ಪೇನಿನ ಬಿಸಿಲಿಗೆ ನಿನ್ನ ಮಂಡಿನೋವು ಇಳಿದಿರಬೇಕು. ಅತ್ತಿಗೆಯ ಕೆಮ್ಮು ಹೇಗಿದೆ? ವಿಚಾರಿಸಬೇಕಾದ್ದನ್ನು ವಿಚಾರಿಸಿದ್ದಾಯಿತು, ಇನ್ನು ನನ್ನ ಸಿಟ್ಟನ್ನು ಓದು.

ಅಮ್ಮ ಸಾಯುತ್ತಿರಲಿಲ್ಲ ಅಣ್ಣಾ, ನುಂಗಲಾಗದೆ ಸೊರಗುತ್ತಿದ್ದಳು. ವೃದ್ಧಾಶ್ರಮದವರು ವಯಸ್ಸು ಅಂದರು, ಮರೆವು ಅಂದರು, ಅಪ್ಪ ಹೋದ ಕೊರಗು ಅಂದರು. ಮೀನಿನ ಸೂಪು ಮುಟ್ಟದ ಹಾಗೇ ವಾಪಸು ಹೋಗುತ್ತಿತ್ತು. ನೀನೋ, ಹಿರಿಯ ಮಗ, ಕೂತಲ್ಲಿಂದಲೇ ಡಾಕ್ಟರಿಗೆ ಫೋನಿನಲ್ಲಿ ಅಪ್ಪಣೆ ಕೊಟ್ಟೆ: "ಸಾಕು ಬಿಡಿ, ನೆಮ್ಮದಿಯಾಗಿ ಹೋಗ್ಲಿ." ನಾನು ಟ್ರೋಮ್ಸೋ ಊರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಅವಳ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು, ಎಲ್ಲರೂ ಪಿಸುಮಾತಿಗೆ ಇಳಿದಿದ್ದರು. ಮೈಯೆಲ್ಲ ಉರಿದುಹೋಯಿತು ನನಗೆ.

ಅವಳ ಕಾಲದ ಹುಡುಗಿಯರ ಕಥೆ ನಿನಗೆ ಗೊತ್ತೇ ಇದೆ. ಮುಂದೆ ಗಂಡನಿಗೆ ಖರ್ಚು ಬರಬಾರದೆಂದು ಮದುವೆಗೆ ಮುಂಚೆಯೇ ಇದ್ದ ಹಲ್ಲನ್ನೆಲ್ಲ ಕೀಳಿಸಿ, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಉಡುಗೊರೆ ಕೊಟ್ಟು ಕಳಿಸುತ್ತಿದ್ದರು. ಇಪ್ಪತ್ತರ ಅಮ್ಮನಿಗೂ ಅಜ್ಜ ಕೊಟ್ಟದ್ದು ಅದನ್ನೇ. ಅಂದಿನಿಂದ ಅವಳು ಅದನ್ನು ಹಾಕಿಕೊಂಡೇ ಮಲಗುತ್ತಾ ಬಂದಳು. ಆಶ್ರಮದಲ್ಲೂ ಮುಟ್ಟಬೇಡಿ ಅಂದಳಂತೆ, ಅವರು ಮುಟ್ಟಲಿಲ್ಲ. ಅವಳ ಇಷ್ಟಕ್ಕೆ ಮರ್ಯಾದೆ ಕೊಟ್ಟೆವು ಎಂದು ನನಗೇ ಪಾಠ ಹೇಳಿದರು. ತಿಂಗಳುಗಟ್ಟಲೆ ತೊಳೆಯದೆ ಬಿಡುವುದು ಯಾವ ಸೀಮೆಯ ಮರ್ಯಾದೆ?

ಎಲ್ಲರನ್ನೂ ಆಚೆ ಕಳಿಸಿ, ಪರದೆ ಎಳೆದು, ಸೆಟ್ಟು ತೆಗೆಯಮ್ಮಾ ಎಂದು ಗೋಗರೆದೆ. "ದೀಪ ಆರಿಸು. ಇದನ್ನ ನಿಮ್ಮಪ್ಪನೂ ನೋಡಿಲ್ಲ ಕಣೇ," ಅಂದಳು. ಆರಿಸಿ, ಸೆಟ್ಟು ತೆಗೆಸಿ, ಮತ್ತೆ ಹಚ್ಚಿದೆ. ಅಂಗುಳವೆಲ್ಲ ಹಸಿಗಾಯದ ಕೆಂಪು, ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ. ನಾನು ಅಲ್ಲೇ ಅತ್ತೆ. ಶಿಲೀಂಧ್ರವಂತೆ, ಮುದುಕರ ಬಾಯಲ್ಲಿ ಸಾಮಾನ್ಯವಾಗಿ ತೆಪ್ಪಗೆ ಇರುತ್ತದಂತೆ, ಹೀಗೆ ಬಿಟ್ಟರೆ ಗಂಟಲಿಗೂ ಇಳಿದು ಊಟವನ್ನೇ ನಿಲ್ಲಿಸುತ್ತದಂತೆ. ಇದನ್ನು ಹೇಳಿದವನು ನೀನು ಮಾತಾಡಿದ ಅದೇ ಡಾಕ್ಟರು, ಟಾರ್ಚು ಹಿಡಿದು ಮೊದಲ ಸಲ ಬಾಯಿ ನೋಡಿದ ಮೇಲೆ. ಈಗ ಬಾಯಿಗೆ ಔಷಧದ ಹನಿ ಹಾಕುತ್ತಿದ್ದಾರೆ, ರಾತ್ರಿ ಸೆಟ್ಟು ಲೋಟದಲ್ಲಿರುತ್ತದೆ. ಮೊನ್ನೆ ಕಂದು ಚೀಸು ಹಾಕಿದ ವಾಫಲ್ ತಿಂದು, ಕಾಫಿ ನೀರಾಗಿದೆ ಎಂದು ನನ್ನನ್ನೇ ಬೈದಳು.

ಅತ್ತಿಗೆಗೆ ನನ್ನ ನೆನಪು ಹೇಳು. ನಿನಗೂ ಒಳ್ಳೆಯದಾಗಲಿ, ಇದನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಗುನ್ವೋರ್

ಮ.ವಿ.: ಅವತ್ತು ನೀನು ಡಾಕ್ಟರಿಗೆ ಫೋನಿನಲ್ಲಿ ಅಂದ ಮಾತು ಸ್ಪೀಕರಿನಲ್ಲಿ ಬರುತ್ತಿತ್ತು, ಅಮ್ಮನ ಮಂಚದ ಪಕ್ಕದಲ್ಲೇ. ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದರು. ನಿನ್ನೆ ನನ್ನ ಕೈ ಹಿಡಿದು ಅಂದಳು: "ನಾನು ಊಟ ಮಾಡ್ತಿದೀನಿ ಅಂತ ತೂರ್ಲೈಫ್‌ಗೆ ಹೇಳ್ಬೇಡ ಕಣೇ. ಇನ್ನೂ ಹೋಗಿಲ್ವಲ್ಲ ಅಂತ ಬೇಜಾರು ಮಾಡ್ಕೋತಾನೆ." ನಾನು ಹೇಳಿಬಿಟ್ಟಿದ್ದೇನೆ. ಬಂದು ಅವಳಿಗೆ ನೀನೇ ಉತ್ತರ ಕೊಡು.