ರಂಗೋಲಿ ನಡುವಿನ ಫೋಟೋ

ನವೆಂಬರ್ 10, ಸೋಮವಾರ

ತಾರಿಹಾಳದ ಆಫೀಸಿನಿಂದ ಧಾರವಾಡದ ಮನೆ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಬಸ್ಸಿನಲ್ಲಿ ಸೀಟಿಲ್ಲ. ರೊಟ್ಟಿ ಅತ್ತೆಯೇ ಬಡಿದಿಟ್ಟಿದ್ದರು, ಪಾಪ. ಊಟವಾದ ಮೇಲೆ ಎಂದಿನಂತೆ ನನ್ನ ಫೋನ್ ಇಸಿದುಕೊಂಡು ನಾಳೆಯ ರಂಗೋಲಿ ಹುಡುಕಲು ಕೂತರು. ಹಿಂದಿನಿಂದ ಇಣುಕಿದೆ. ಎರಡು ರಂಗೋಲಿಗಳ ನಡುವೆ ಕೋಟು ಹಾಕಿದ ಗಂಡಸು. ಕೆಳಗೆ ದೊಡ್ಡ ಅಕ್ಷರ — ಎರಡನೇ ಮದುವೆಗೆ ಸಂಬಂಧಗಳು.

ಬಸ್ಸಿನಲ್ಲಿ ಒಮ್ಮೆ ಆ ಮದುವೆ ಸೈಟ್ ನೋಡಿದ್ದೆ. ಸುಮ್ಮನೆ. ಹೆಸರೂ ಕೊಟ್ಟಿಲ್ಲ. ಬಸವಪ್ರಭು ತೀರಿ ನಾಲ್ಕು ವರ್ಷ. ಅತ್ತೆಗೆ ಇದ್ದವನು ಅವನೊಬ್ಬನೇ ಮಗ. ಇದು ಗೊತ್ತಾದರೆ ಏನಂದುಕೊಂಡಾರು? ಮಕ್ಕಳಿಲ್ಲದ ನನಗೆ ಈಗ ಇರುವುದೂ ಅವರೊಬ್ಬರೇ.

ನವೆಂಬರ್ 11, ಆಫೀಸು, ಊಟದ ಹೊತ್ತು

ಪಕ್ಕದ ಟೇಬಲ್ಲಿನ ಪೂನಮ್‌ಗೆ ಅರ್ಧ ಸತ್ಯ ಹೇಳಿದೆ. ಜಾಹೀರಾತಿನ ಕಾಟ, ಇನ್‌ಕಾಗ್ನಿಟೋ ಹಾಕಿದರೂ ಹೋಗುತ್ತಿಲ್ಲ ಅಂತ.

“ಅಕ್ಕಾ, ಅದು ಬರೇ ಹಿಸ್ಟರಿ ಇಟ್ಕೊಳ್ಳೂದಿಲ್ರಿ. ಆ್ಯಡ್ ಬರಾವು ಬರ್ತಾವ. ಬ್ರೌಸರ್ ಬದಲಿ ಮಾಡ್ರಿ.”

ಮೂರು ಹೆಸರು ಬರೆದುಕೊಟ್ಟಳು. ಮೊದಲನೆಯದು ಹಾಕಿದೆ. ಕಾಂಟ್ಯಾಕ್ಟ್ಸ್ ಕೊಡು, ಲೊಕೇಶನ್ ಕೊಡು... ಗುಟ್ಟು ಕಾಯುತ್ತೇನೆ ಎಂದು ಬಂದವನು ಮೊದಲು ಮನೆಯ ಬೀಗದ ಕೈ ಕೇಳಿದ ಹಾಗೆ. ತೆಗೆದುಹಾಕಿದೆ.

ನವೆಂಬರ್ 14, ಶುಕ್ರವಾರ

ಎರಡನೆಯದು ಜಾಹೀರಾತು ತಡೆಯಿತು, ನಿಜ. ರಂಗೋಲಿಯ ಸೈಟ್ ಮುನಿಸಿಕೊಂಡಿತು. ಆ್ಯಡ್ ಬ್ಲಾಕರ್ ಬಂದ್ ಮಾಡಿದರೆ ಮಾತ್ರ ಚಿತ್ರ ತೋರಿಸುತ್ತದಂತೆ.

“ಭಾಗ್ಯಾ, ಇದು ಏನೋ ಬಂದ್ ಮಾಡು ಅನ್ನಾಕತ್ತೇತಿ, ನೋಡವಾ.”

ಮಾಡಲೇಬೇಕಾಯಿತು. ಕೋಟಿನವನು ಮತ್ತೆ ಹಾಜರ್. ಅವನ ಕೆಳಗೆ ಇನ್ನೊಬ್ಬ. ಅತ್ತೆ ಕನ್ನಡಕ ಏರಿಸಿಕೊಂಡು, “ಫೋಟೋ ದೊಡ್ಡದು ಮಾಡೂದು ಹ್ಯಾಂಗ?” ಅಂದರು. ಫೋನ್ ಕಸಿದುಕೊಂಡು ಸರಕ್ಕನೆ ಒಂದು ರಂಗೋಲಿಯನ್ನು ದೊಡ್ಡದು ಮಾಡಿ ಕೊಟ್ಟೆ.

ನವೆಂಬರ್ 16, ರವಿವಾರ

ಮೂರನೆಯದು, ಸಿಂಹದ ಚಿತ್ರದ್ದು. ಇಡೀ ಮಧ್ಯಾಹ್ನ ಇದಕ್ಕೇ ಹೋಯಿತು. ಟ್ರ್ಯಾಕರ್ ತಡೆ ಹಾಕಿದೆ, ನೋಡಿದ ಸೈಟುಗಳ ಗುರುತು ಹಿಡಿದಿಟ್ಟು ಅಂಥದೇ ಜಾಹೀರಾತು ತರುವ ಹಳೆಯ ಕುಕೀಸ್ ಅಳಿಸಿದೆ. ರಂಗೋಲಿಯ ಸೈಟ್ ಈ ಸಲ ತಕರಾರು ಮಾಡಲಿಲ್ಲ. ಬರೀ ಚುಕ್ಕೆ, ಗೆರೆ. ನಿರಾಳವಾಯಿತು. ನಲವತ್ತೊಂದರ ವಯಸ್ಸಿನಲ್ಲಿ ಕದ್ದು ಮುಚ್ಚಿ ಇದೆಂಥ ಬಾಳು ಅಂತ ಬೇಜಾರೂ ಆಯಿತು. ನನಗೆ ಬೇಕಿದ್ದದ್ದು ಸಂಜೆ ಚಹಾ ಕುಡಿಯುತ್ತಾ ಮಾತಾಡಲು ಒಂದು ಜೀವ, ಅಷ್ಟೇ. ಹೋಗಲಿ. ಆ ಮದುವೆ ಸೈಟ್ ಇನ್ನು ತೆರೆಯುವುದಿಲ್ಲ.

ನವೆಂಬರ್ 27, ಗುರುವಾರ, ಸಂಜೆ

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ಆಫೀಸು, ಬಸ್ಸು, ಸೊಂಟ. ಅತ್ತೆ ಫೋನ್ ಬೇಗ ವಾಪಸ್ ಕೊಡುತ್ತಿದ್ದರು. ಬಾಗಿಲಲ್ಲಿ ದಿನಾ ಅದೇ ನಾಲ್ಕು ಗೆರೆಯ ರಂಗೋಲಿ.

ಇವತ್ತು ಕೇಳಿಯೇ ಬಿಟ್ಟರು. “ಆ ಗಂಡಸರ ಫೋಟೋ ಎಲ್ಲಿ ಹೋದುವು, ಭಾಗ್ಯಾ?”

ಚಹಾ ಚೆಲ್ಲಿತು. ಯಾವ ಫೋಟೋರಿ ಅಂದೆ.

“ರಂಗೋಲಿ ನಡುವ ಬರ್ತಿದ್ದುವಲ್ಲ. ಒಬ್ಬಾಂವ ಕನ್ನಡಕದಾಂವ, ಮುಖ ಸೌಮ್ಯ ಇತ್ತು. ನಿನಗ ಹೊಂದತಾನ ಅಂತ ನೋಡಿಟ್ಟಿದ್ದೆ. ದೊಡ್ಡದು ಮಾಡು ಅಂದ್ರ ನೀ ರಂಗೋಲಿ ದೊಡ್ಡದು ಮಾಡಿ ಕೊಟ್ಟಿ.”

ಚೆಲ್ಲಿದ ಚಹಾ ಒರೆಸಲು ಬಗ್ಗಿದೆ.

“ನಮ್ಮ ಸಣ್ಣವ್ವಗ ಗಂಡ ಸತ್ತ ಮ್ಯಾಲ ಉಡಿಕಿ ಮಾಡಿ ಇನ್ನೊಂದು ಮನಿಗೆ ಕಳಸಿದ್ರು. ಅವತ್ತ ಹೋಳಿಗಿ ಬಡಸಿದಾಕಿ ನಾನ. ನಿನಗ್ಯಾಕ ಬ್ಯಾಡ?”

ಅತ್ತುಬಿಟ್ಟೆ. ಅವರೂ ಅತ್ತರು, ಮಗನ ಹೆಸರು ಹಿಡಿದು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ಅದೇನು ಅಡ್ಡ ಹಾಕಿದಿ, ಅದನ್ನ ತಗಿ ಮೊದಲ.”

ತಡೆ ತೆಗೆದೆ. ಬಂದದ್ದು ಮಿಕ್ಸರ್ ಜಾಹೀರಾತು. ಕುಕೀಸ್ ಎಲ್ಲ ನಾನೇ ಅಳಿಸಿದ್ದೆನಲ್ಲ. ಅತ್ತೆ ಬಿಡಬೇಕಲ್ಲ, ಆ ಸೈಟನ್ನೇ ತೆರೆಸಿದರು. ಹೆಸರು ಹಾಕಿದೆ. ವಯಸ್ಸು... “ಖರೇ ವಯಸ್ಸು ಹಾಕು” ಅಂದರು. ಆಮೇಲೆ ಪ್ರೊಫೈಲ್ ಮಾಡುತ್ತಿರುವವರು ಯಾರು ಅಂತ ಕೇಳಿತು. ಸ್ವತಃ, ತಂದೆ, ತಾಯಿ, ಅಣ್ಣ. ಅತ್ತೆ ಅನ್ನುವುದು ಅದರಲ್ಲಿ ಇಲ್ಲ.

“ತಾಯಿ ಅಂತ ಒತ್ತು.”

ಒತ್ತಿ, ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಮತ್ತೆ ಕರೆಯುತ್ತಿದ್ದಾರೆ. ಫೋಟೋ ತೆಗೆಯಬೇಕಂತೆ, ಬೆಳಕು ಹೋಗುವುದರೊಳಗೆ ಹಸಿರು ಸೀರೆ—