ಅಂದು ಕತ್ತರಿಸಿದ ಗಾಳದ ದಾರ

ಅಪ್ಪಾ,

ನೀನು ಹೋದ ಮೇಲೆ ಇವತ್ತೇ ಮೊದಲ ಸಲ ನಿನ್ನ ದೋಣಿಯನ್ನು ಒಬ್ಬಳೇ ಕಡಲಿಗಿಳಿಸಿದೆ. ಹ್ಯಾಲಿಬಟ್ ಸಿಕ್ಕಿತು. ಸಣ್ಣದಲ್ಲ, ನಮ್ಮ ಅಡುಗೆಮನೆಯ ಬಾಗಿಲಿನಷ್ಟು ಅಗಲದ ಚಪ್ಪಟೆ ಮೀನು!

ಮುಕ್ಕಾಲು ಗಂಟೆ ಎಳೆದಾಡಿಸಿತು, ಅಂಗೈ ಸುಲಿದುಹೋಯಿತು. ಆದರೂ ಆಸೆಗೆ ಬಿದ್ದು ಅದನ್ನು ದೋಣಿಯೊಳಗೆ ಎಳೆದುಕೊಳ್ಳಲಿಲ್ಲ. ಜೀವವಿರುವ ಹ್ಯಾಲಿಬಟ್ ಒಮ್ಮೆ ಬಾಲ ಬಡಿದರೆ ಕಾಲು ಮುರಿಯುತ್ತದೆ ಎಂದು ನೀನು ನೂರು ಸಲ ಹೇಳಿದ್ದೆ. ಬಾಲಕ್ಕೆ ಹಗ್ಗ ಬಿಗಿದು ದೋಣಿಯ ಪಕ್ಕಕ್ಕೆ ಕಟ್ಟಿದೆ. ಅದು ಸುಮ್ಮನಾಗುವವರೆಗೂ ನಾನೂ ಸುಮ್ಮನೆ ಕೂತಿದ್ದು, ಆಮೇಲೆ ಮೆಲ್ಲಗೆ ದಡಕ್ಕೆ ತಂದೆ.

ಕಟ್ಟೆಯ ಮೇಲೆ ಜನವೋ ಜನ. ಮಂಜುಗಡ್ಡೆ ಮಾರುವ ಅಜ್ಜ ಮೀನಿಗೆ ಒಂದು ಸುತ್ತು ಬಂದು ಕೇಳಿದ, "ಇದನ್ನೆಲ್ಲ ಯಾರಮ್ಮ ಕಲಿಸಿದ್ದು?"

"ನಮ್ಮಪ್ಪ."

"ಯಾರು, ಇದಕ್ಕಿಂತ ದೊಡ್ಡದು ಸಿಕ್ಕಾಗ ಹೆದರಿ ದಾರ ಕತ್ತರಿಸಿಬಿಟ್ನಲ್ಲ, ಅವನಾ?"

ಎಲ್ಲರೂ ನಕ್ಕರು. ಆ ಕತೆಯನ್ನು ಹಬ್ಬಿಸಿದವಳು ನಾನೇ. ಅವತ್ತು ನಾನು ಎಂಟು ವರ್ಷದವಳು, ನಿನ್ನ ದೋಣಿಯಿಂದ ಇಳಿದವಳೇ ಇದೇ ಕಟ್ಟೆಯ ಮೇಲೆ ಕುಣಿಯುತ್ತಾ, "ನಮ್ಮಪ್ಪ ಪುಕ್ಕಲ" ಎಂದು ಕೂಗಿದ್ದೆ. ನೀನೂ ಎಲ್ಲರ ಜೊತೆ ನಕ್ಕಿದ್ದೆ. ಕೊನೆಯವರೆಗೂ ಯಾರಿಗೂ ಉತ್ತರ ಕೊಡಲಿಲ್ಲ.

"ಅವರೇ," ಎಂದೆ. "ಹೆದರಿದ್ದು ಮೀನಿಗಲ್ಲ ಅಜ್ಜಾ, ದೋಣೀಲಿ ನಾನಿದ್ದೆ."

ಅದೇ ಕಟ್ಟೆಯ ಮೇಲೆ, ಅವತ್ತಿನಷ್ಟೇ ಗಟ್ಟಿಯಾಗಿ ಹೇಳಿದೆ, ಅಪ್ಪಾ.