ಬಣ್ಣ ಬಳಿದ ಹತ್ತು ಉಗುರು

ಮಾರ್ಚ್ 4, ಶನಿವಾರ

ನೀರ ಮೇಲೆ ನಿಂತು ಓಡಿಸುವ ನನ್ನ ಗಾಡಿ, ಜೆಟ್ ಸ್ಕೀ, ಅದರಲ್ಲಿ ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಮತ್ತೆ ಬದಲಾಯಿಸಿದೆ. ಈ ವರ್ಷ ಇದು ಮೂರನೆಯದು. ಹಳೆಯದನ್ನು ಕಿತ್ತು, ಅಂಟು ಕೆರೆದು, ಹೊಸದನ್ನು ಒತ್ತಿ ಕೂರಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಮಧ್ಯಾಹ್ನ ನೀರಿಗಿಳಿಸಿ ನಿಂತು ನೋಡಿದೆ. ಊಹೂಂ. ಅದೇ ಸತ್ತ ಹಾಗೆ. ಮೊದಲೆಲ್ಲ ಬರಿಗಾಲಿಟ್ಟ ಕೂಡಲೇ ಮೋಟರಿನ ನಡುಕ ಅಂಗಾಲಿನಿಂದ ಮೊಣಕಾಲಿಗೆ ಹತ್ತುತ್ತಿತ್ತು. ಯಾವ ಅಲೆಗೆ ಎಷ್ಟು ಬಾಗಬೇಕು, ಹಿಂಭಾಗ ಯಾವಾಗ ಜಾರುತ್ತದೆ... ಎಲ್ಲ ಕಾಲೇ ಹೇಳುತ್ತಿತ್ತು. ಈಗ ಹಾಸಿಗೆಯ ಮೇಲೆ ನಿಂತ ಹಾಗಿದೆ.

ಮೋಟರನ್ನೂ ಎರಡು ಸಲ ಬಿಚ್ಚಿ ನೋಡಿದ್ದಾಯಿತು. ಏನೂ ಇಲ್ಲ. ಮೂವತ್ತು ವರ್ಷ ನಮ್ಮೂರು ಕೊಂಬಾತೆಯ ದೋಣಿ ಮೋಟರುಗಳನ್ನೆಲ್ಲ ರಿಪೇರಿ ಮಾಡಿದವನಿಗೆ ತನ್ನದೇ ಗಾಡಿಯ ರೋಗ ತಿಳಿಯುತ್ತಿಲ್ಲ ಅಂದರೆ ನಗೆಪಾಟಲು.

ಸಂಜೆ ಗಾಬಿನೊ ಬಂದ. ನನ್ನ ಹೆಂಡತಿ ನಿಲ್ಸಾಳ ಅಣ್ಣ. ಸಕ್ಕರೆಯಿಲ್ಲದ ಕಾಫಿ ಕುಡಿದ — ಅರವತ್ತಾದರೂ ಸೊಂಟದ ಅಳತೆಯ ಚಿಂತೆ ಇವನಿಗೆ.

"ಮ್ಯಾಟಿಗೆ ಏನೂ ಆಗಿಲ್ಲ ಭಾವ. ಕುಣೀಲಾರದೋನು ನೆಲ ಡೊಂಕು ಅಂದನಂತೆ. ಶೂ ಹಾಕ್ಕೋ."

"ಮನೆಗೊಬ್ಬ ಹೆದರುಪುಕ್ಕಲ ಸಾಕು, ನೀನಿದೀಯಲ್ಲ."

ನಕ್ಕ. ಕಾಲುಚೀಲ ಇವತ್ತೂ ಉಲ್ಟಾ, ಹೊಲಿಗೆಯೆಲ್ಲ ಹೊರಗೆ. ಕೇಳಿದರೆ, "ಹೀಗೆ ಹಾಕಿದ್ರೆ ಎರಡು ದಿನ ಬರುತ್ತೆ" ಅಂದ. ಥೂ, ಗಲೀಜು.

ಇವನೂ ಒಂದು ಕಾಲದಲ್ಲಿ ಬರಿಗಾಲಿನವನೇ. ನಾವಿಬ್ಬರೂ ನಿಂತು ಓಡಿಸುವುದನ್ನು ನೋಡಲು ಜನ ಊಟ ಬಿಟ್ಟು ದಡಕ್ಕೆ ಬರುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಮೂರು ತಿಂಗಳು ಕೆಲಸ ಅಂತ ಒರ್ಲಾಂಡೊಗೆ ಹೋದ. ವಾಪಸು ಬಂದದ್ದು ಶೂ ಹಾಕಿಕೊಂಡು. ಅವತ್ತಿನಿಂದ ಒಂದೇ ರಾಗ, ಶೂ ಹಾಕ್ಕೋ, ಶೂ ಹಾಕ್ಕೋ.

ಮೇ 28ಕ್ಕೆ ರೇಸ್. ಚಂಡಮಾರುತ ಎತ್ತಿಕೊಂಡು ಹೋದ, ದೋಣಿ ನೀರಿಗಿಳಿಸುವ ರ‍್ಯಾಂಪನ್ನು ಅಂತೂ ಇಂತೂ ಆರು ವರ್ಷದ ಮೇಲೆ ಕಟ್ಟುತ್ತಿದ್ದಾರೆ. ಹಿರಿಯರ ರೇಸು ಗೆದ್ದವನ ಹೆಜ್ಜೆಯೇ ಹಸಿ ಸಿಮೆಂಟಿನಲ್ಲಿ ಮೊದಲು. ಹಳೆಯ ರ‍್ಯಾಂಪಿನಲ್ಲಿ ಪ್ರತಿ ವರ್ಷ ಗೆದ್ದವನಿಗೆಂದು ಹೊಸ ಸಿಮೆಂಟು ಸವರುತ್ತಿದ್ದರು, ನನ್ನವು ನಾಲ್ಕಿದ್ದವು, ಐದೈದು ಬೆರಳು ಎಣಿಸಬಹುದಾದಂಥವು. ನಾಲ್ಕೂ ಈಗ ಕಡಲ ತಳದಲ್ಲಿ. ಹೊಸದರಲ್ಲಿ ಒಂದಾದರೂ ಬೇಕು. ಬೇಕೇ ಬೇಕು.

ಮಾರ್ಚ್ 9, ಗುರುವಾರ

ನಿಲ್ಸಾ ಕಿರುಚಿದಳು. ಅಡುಗೆಮನೆಯಿಂದ ಬಾಲ್ಕನಿವರೆಗೆ ಟೈಲ್ಸ್ ಮೇಲೆ ರಕ್ತದ ಚುಕ್ಕೆ.

"ಯಾರದಿದು?"

"ನನಗೇನು ಗೊತ್ತು?"

"ಕಾಲೆತ್ತು."

ಎತ್ತಿದೆ. ಹಿಮ್ಮಡಿಯಲ್ಲಿ ಮೀನಿನ ಗಾಳ. ಪೂರ್ತಿ ಒಳಗೆ. ದಾರದ ತುಂಡು ಬೇರೆ ಜೋತುಬಿದ್ದಿತ್ತು. ದಡದಿಂದ ಮನೆವರೆಗೆ ಅದರ ಮೇಲೇ ನಡೆದು ಬಂದಿದ್ದೇನೆ. ಗೇಟಿನಲ್ಲಿ ನಿಂತು ಪಕ್ಕದ ಮನೆಯವರ ಹತ್ತಿರ ಬೇಸ್‌ಬಾಲ್ ಮಾತಾಡಿದ್ದೇನೆ!

ನೋವೇ ಇಲ್ಲ. ನಾನು ನಕ್ಕೆ. ಅವಳು ನಗಲಿಲ್ಲ.

ಮಾರ್ಚ್ 13, ಸೋಮವಾರ

ಡಾಕ್ಟರ್ ಬೊನಿಯಾ ಕಣ್ಣು ಮುಚ್ಚಿಸಿದರು. ಒಂದು ನೈಲಾನ್ ಎಳೆಯಿಂದ ಅಂಗಾಲು ಮುಟ್ಟುತ್ತಾರಂತೆ, ಮುಟ್ಟಿದಾಗೆಲ್ಲ ಹೂಂ ಅನ್ನಬೇಕಂತೆ. ಕಾದೆ. ಕಾದೆ.

"ಶುರು ಮಾಡಿ ಡಾಕ್ಟ್ರೇ" ಅಂದೆ.

"ಮುಗೀತು" ಅಂದರು.

ಎಂಟು ವರ್ಷದಿಂದ 'ಸ್ವಲ್ಪ ಸಕ್ಕರೆ' ಇದೆ ಅಂತ ಗೊತ್ತಿತ್ತು. ನೆನಪಾದಾಗ ಮಾತ್ರೆ ನುಂಗುತ್ತಿದ್ದೆ. ಆ ಸ್ವಲ್ಪವೇ ಸದ್ದಿಲ್ಲದೆ ಕಾಲಿನ ನರ ತಿಂದಿದೆ. ಇನ್ನು ಮನೆಯೊಳಗೂ ಬರಿಗಾಲು ಕೂಡದು. ಒಂದು ಸಣ್ಣ ಗಾಯ ಸಾಕು, ನಿಮಗೆ ಗೊತ್ತಾಗುವಷ್ಟರಲ್ಲಿ ಕತ್ತರಿಸೋದೊಂದೇ ದಾರಿ ಉಳಿದಿರುತ್ತೆ ಅಂದರು. ಕಾಲುಚೀಲ ಉಲ್ಟಾ ಹಾಕಿಕೊಳ್ಳಬೇಕಂತೆ, ಹೊಲಿಗೆ ಚರ್ಮಕ್ಕೆ ಉಜ್ಜದ ಹಾಗೆ. ಗಾಬಿನೊನ ಹುಚ್ಚು ಡಾಕ್ಟರಿಗೂ ಹಿಡಿದಿದೆ.

ಕಾರಿನಲ್ಲಿ ಕೂತಮೇಲೆ ಹೊಳೆಯಿತು. ಮ್ಯಾಟ್ ಸತ್ತಿರಲಿಲ್ಲ. ಮೂರೂ ಮ್ಯಾಟುಗಳು ನಿರಪರಾಧಿಗಳು.

ಅತ್ತುಬಿಟ್ಟೆ. ಸುಳ್ಳು ಯಾಕೆ ಬರೆಯಲಿ, ಇದನ್ನು ಯಾರು ಓದುತ್ತಾರೆ.

ಏಪ್ರಿಲ್ 2, ಭಾನುವಾರ

ಬರೆಯಲು ಮನಸ್ಸಿರಲಿಲ್ಲ.

ದಿನಾ ಬೆಳಗ್ಗೆ ನಿಲ್ಸಾ ತನ್ನ ಉಗುರು ಸಲೂನಿನ ಕೈಗನ್ನಡಿ ಹಿಡಿದು ನನ್ನ ಅಂಗಾಲು ನೋಡುತ್ತಾಳೆ. ಬೆರಳಸಂದಿಯನ್ನೂ ಬಿಡುವುದಿಲ್ಲ. "ನನ್ನ ಗಿರಾಕಿಗಳು ಇದಕ್ಕೆ ಟಿಪ್ಸ್ ಕೊಡ್ತಾರೆ, ನೀನು ಗೊಣಗ್ತೀಯ" ಅನ್ನುತ್ತಾಳೆ.

ಇವತ್ತು ಖಡಾಖಂಡಿತವಾಗಿ ಹೇಳಿದಳು, "ಶೂ ಹಾಕ್ಕೊಂಡು ಓಡಿಸು, ಇಲ್ಲಾ ಜೆಟ್ ಸ್ಕೀ ಮಾರು. ಒಂದು ಕಾಲಿನ ಗಂಡ ನನಗೆ ಬೇಡ."

ಅವ್ವನ ಮೇಲೆ ಆಣೆ ಹಾಕಿಸಿಕೊಂಡಳು, ನೀರಲ್ಲಾಗಲಿ ದಡದಲ್ಲಾಗಲಿ ಬರಿಗಾಲಿಡುವುದಿಲ್ಲ ಅಂತ. ನಾನೂ ಒಂದು ಮಾತು ತೆಗೆದುಕೊಂಡೆ, ಯಾರಿಗೂ ಹೇಳಕೂಡದು. ಅವಳ ಅಣ್ಣನಿಗಂತೂ ಸುತರಾಂ ಇಲ್ಲ. 'ಪಾಪ' ಅಂತ ಜನ ನನ್ನ ಜೆಟ್ ಸ್ಕೀ ಹೊತ್ತುಕೊಡಲು ಬಂದ ದಿನ ನಾನು ಮುಗಿದ ಹಾಗೆ.

ಏಪ್ರಿಲ್ 8, ಶನಿವಾರ

ಶೂ ಹಾಕಿ ಮೊದಲ ದಿನ. ಪರಿಚಯದವರು ಯಾರೂ ಸಿಗಬಾರದೆಂದು ಗ್ವಾನಿಕಾ ಕಡೆಗೆ ಹೋದೆ.

ಬಿದ್ದದ್ದು ಹನ್ನೊಂದು ಸಲ. ಮಂಡಿಯೂರಿ ಹತ್ತುವುದೇನೋ ಆಗುತ್ತದೆ. ಎದ್ದು ನಿಂತರೆ ಶೂ ತುಂಬ ನೀರು, ಕಾಲಿಗೆ ಎರಡು ಬಕೆಟ್ ಕಟ್ಟಿಕೊಂಡ ಹಾಗೆ. ತಿರುವಿನಲ್ಲಿ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಿದೆ. ನೋಡಿದ್ದೇ ತಡ, ನೀರಿಗೆ. ಒಬ್ಬ ಮುದುಕಿ ದಡದಿಂದ ಕೂಗಿದಳು, "ಹೊಸಬನಾ ಮಗಾ? ಹೆದರಬೇಡ, ಬರುತ್ತೆ!"

ನಲವತ್ತು ವರ್ಷದಿಂದ ಓಡಿಸುತ್ತಿದ್ದೇನೆ ತಾಯಿ.

ಏಪ್ರಿಲ್ 19, ಬುಧವಾರ

ಗಾಬಿನೊ ಊಟಕ್ಕೆ ಬಂದಿದ್ದ. ಅನ್ನ, ಹುರಳಿ, ಹಂದಿಮಾಂಸ. ಅನ್ನ ಎರಡೇ ಚಮಚ ಹಾಕಿಸಿಕೊಂಡ, ಮಹಾ ಶೋಕಿಲಾಲ. ಮಾತಿನ ಮಧ್ಯೆ ಸುಮ್ಮನೆ ಬಿಟ್ಟೆ,

"ಅಲ್ಲ ಭಾವ, ನಿನ್ನ ಶೂ ಒಳಗೆ ನೀರು ನಿಲ್ಲಲ್ವಾ?"

ಫೋರ್ಕ್ ಕೆಳಗಿಟ್ಟ. ಗೇಲಿಗೆ ಕಾದೆ. ಮಾಡಲಿಲ್ಲ.

"ಪಕ್ಕದಲ್ಲಿ ತೂತು ಕೊರೀಬೇಕು. ಬೆರಳ ಹತ್ತಿರ ಮೂರು, ಹಿಮ್ಮಡಿ ಹತ್ತಿರ ಎರಡು. ಅಂಚು ಸುಟ್ಟು ನುಣ್ಣಗೆ ಮಾಡು. ಬಿಗಿ ಶೂ ಬೇಡ. ಆಮೇಲೆ... ಕಾಲು ನೋಡಬೇಡ ಭಾವ. ದೂರ ನೋಡು. ಮಂಡಿ ನೋಡ್ಕೊಳ್ಳುತ್ತೆ."

"ನನಗ್ಯಾಕೆ ಹೇಳ್ತಿದೀಯ?"

"ನೀನು ಕೇಳಿದೆ, ನಾನು ಹೇಳಿದೆ."

ಅವನು ಹೋದಮೇಲೆ ವರ್ಕ್‌ಶಾಪಿಗೆ ಹೋಗಿ ತೂತು ಕೊರೆದೆ. ಮೂರು, ಎರಡು.

ಮೇ 7, ಭಾನುವಾರ

ಇವತ್ತು ಒಂದೇ ಸಲ ಬಿದ್ದೆ! ಅದೂ ಪೆಲಿಕನ್ ಹಕ್ಕಿ ಅಡ್ಡ ಬಂದದ್ದಕ್ಕೆ.

ಇನ್ನೊಂದು ವಿಚಿತ್ರ. ಕಾಲು ಸುಮ್ಮನಾದಮೇಲೆ ಕಿವಿ ಎದ್ದಿದೆ. ಮೋಟರಿನ ಸದ್ದು ಎಲ್ಲಿ ದಪ್ಪಗಾಗುತ್ತದೆ, ಎಲ್ಲಿ ಹಗುರಾಗುತ್ತದೆ, ಎಲ್ಲ ಕೇಳಿಸುತ್ತದೆ. ವರ್ಕ್‌ಶಾಪಿನಲ್ಲಿ ದಿನಾ ಬಳಸುವ ಕಿವಿಯನ್ನು ನೀರಿಗೆ ಯಾಕೆ ಕರೆದುಕೊಂಡು ಹೋಗಿರಲಿಲ್ಲವೋ!

ಮೇ 16, ಮಂಗಳವಾರ

ರೇಸ್ ನಡೆಸುವ ಪಾಪೊ ಊರೆಲ್ಲ ಪೋಸ್ಟರ್ ಅಂಟಿಸಿದ್ದಾನೆ. 'ಬರಿಗಾಲಿನ ಮಿನಿಯೊ, ಶೂಗಾಲಿನ ಗಾಬಿನೊ'. ನನ್ನ ಚಿತ್ರದ ಕಾಲುಗಳನ್ನು ದೊಡ್ಡದು ಮಾಡಿ ಬೇರೆ ಹಾಕಿಸಿದ್ದಾನೆ, ಪಾಪಿ.

ಈಗ ಶೂ ಹಾಕಿ ಹೇಗೆ ಇಳಿಯಲಿ? ರೇಸೇ ಬೇಡ ಅಂದೆ. ನಿಲ್ಸಾ ಗಿರಾಕಿಯ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಕೈ ನಿಂತಿತು. ನನ್ನ ಶೂ ನೋಡಿದಳು. ಬಣ್ಣದ ಬಾಟಲಿ ನೋಡಿದಳು. ಬಾಯಿ ಮುಚ್ಚಿಕೊಂಡು ನಗತೊಡಗಿದಳು.

ಮೇ 27, ಶನಿವಾರ

ಆಯಿತು! ನನ್ನ ಮೈಬಣ್ಣದ ತೆಳ್ಳನೆಯ ನೀರಿನ ಶೂ. ಅದರ ಮೇಲೆ ಹತ್ತು ಬೆರಳು, ಗೆರೆ, ನೆರಳು, ಕಿರುಬೆರಳಿನ ಆಣಿ ಸಮೇತ. ಮೊದಲು ಉಗುರಿಗೆ ಕೆಂಪು ಹಚ್ಚಿ ಹೆದರಿಸಿದಳು. ಆಮೇಲೆ ಒರೆಸಿ ಸರಿಯಾದ ಬಣ್ಣ ಹಾಕಿದಳು.

"ನಿನ್ನ ನಿಜವಾದ ಕಾಲಿಗಿಂತ ಇದೇ ಚೆನ್ನಾಗಿದೆ ಮಹಾರಾಯ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮಾರ್ಚಿನಿಂದ ಹೀಗೆ ನಕ್ಕಿರಲಿಲ್ಲ. ಹತ್ತು ಹೆಜ್ಜೆ ದೂರದಿಂದ ನನಗೇ ಗೊತ್ತಾಗಲಿಲ್ಲ. ಗೆದ್ದರೆ ಸಿಮೆಂಟಿನಲ್ಲಿ ಏನು ಮಾಡುತ್ತೀಯ ಅಂತ ಕೇಳಿದಳು. ಮೊದಲು ಗೆಲ್ಲೋಣ ಬಿಡು ಅಂದೆ.

ಮೇ 28, ಭಾನುವಾರ, ಸಂಜೆ 6

ಬರೆದೇ ಬಿಡುತ್ತೇನೆ.

ಸೊಂಟದುದ್ದ ನೀರಿನಲ್ಲಿ ಒಂಬತ್ತು ಜನ ಸಾಲಾಗಿ. ಮುಂದೆ ಅಡ್ಡ ಎಳೆದು ಕಟ್ಟಿದ ರಬ್ಬರ್ ಪಟ್ಟಿ, ಅದು ಬಿಟ್ಟರೆ ರೇಸ್ ಶುರು. ಅದು ಹಾರುವ ತನಕ ಹಿಂದಿನಿಂದ ಗಾಡಿ ಹಿಡಿದುಕೊಳ್ಳಲು ಪ್ರತಿಯೊಬ್ಬರಿಗೂ ಒಬ್ಬರು. ಹಿಡಿಯುವವರ ಮುಖದ ಹತ್ತಿರವೇ ಓಡಿಸುವವನ ಕಾಲು. ಅದಕ್ಕೇ ನನ್ನದನ್ನು ನಿಲ್ಸಾ ಹಿಡಿದಳು, ತಲೆತುಂಬ ಕರ್ಲರ್ ಸಮೇತ.

"ಬಿದ್ದರೆ ಮನೆಗೆ ಬರಬೇಡ."

"ಬಾಯಿ ಮುಚ್ಚಿ ಗಟ್ಟಿ ಹಿಡಿ."

ಪಟ್ಟಿ ಹಾರಿತು. ಮೊದಲ ಸುತ್ತು ಆರನೆಯವನು. ಮೂರನೆಯದರಲ್ಲಿ ಮೂರನೆಯವನು. ಐದರಲ್ಲಿ ಮುಂದೆ ಗಾಬಿನೊ ಒಬ್ಬನೇ. ದೂರ ನೋಡು, ಮಂಡಿ ನೋಡ್ಕೊಳ್ಳುತ್ತೆ. ಅವನು ಹೇಳಿದ್ದನ್ನೇ ಮಂತ್ರದ ಹಾಗೆ ಹೇಳಿಕೊಂಡು ಅವನನ್ನೇ ಅಟ್ಟಿಸಿಕೊಂಡು ಹೋದೆ. ತಿರುವು ತೋರಿಸುವ ಕೊನೆಯ ತೇಲುಬುರುಡೆಯ ಹತ್ತಿರ ಕಡಲಕಳೆಯ ರಾಶಿ. ಇಬ್ಬರೂ ನುಗ್ಗಿದೆವು. ಸದ್ದು ದಪ್ಪಗಾಯಿತು, ಕಳೆ ಒಳಗೆ ಎಳೆದುಕೊಳ್ಳುತ್ತಿದೆ. ಕಿವಿ ಹೇಳಿತು, ಬೆರಳು ಕೇಳಿತು. ಆಕ್ಸಿಲರೇಟರ್ ಬಿಟ್ಟೆ, ಒತ್ತಿದೆ, ಬಿಟ್ಟೆ, ಒತ್ತಿದೆ. ಕಳೆ ಉಗಿದು ಗಾಡಿ ಹಾರಿತು. ಅವನದು ಕೆಮ್ಮುತ್ತ ಹಿಂದೆ ಉಳಿಯಿತು.

ಗೆದ್ದೆ! ಅರ್ಧ ಗಾಡಿಯ ಅಂತರ!

ದಡದಲ್ಲಿ ಜನ, "ಬರಿಗಾಲು! ಬರಿಗಾಲು!" ಪಾಪೊ ಮೈಕಿನಲ್ಲಿ ಬಡಬಡ. ಎಳೆದುಕೊಂಡು ಹೋಗಿ ರ‍್ಯಾಂಪಿನ ತುದಿಯಲ್ಲಿ ನಿಲ್ಲಿಸಿದರು. ಹಸಿ ಸಿಮೆಂಟು, ನುಣ್ಣಗೆ ಸವರಿಟ್ಟದ್ದು. "ಐದು ಬೆರಳೂ ಮೂಡಲಿ ಮಿನಿಯೊ!"

ನಿಂತೆ. ಶೂ ಕಳಚಿದರೆ ಎರಡು ಕ್ಷಣದ ಕೆಲಸ. ಮೊಮ್ಮಕ್ಕಳು ಬೆರಳಿಟ್ಟು ನೋಡುವ ಹೆಜ್ಜೆ. ಆದರೆ ಹಸಿ ಸಿಮೆಂಟು ಚರ್ಮ ಸುಡುತ್ತದೆ, ಸುಟ್ಟದ್ದು ನನಗೆ ಗೊತ್ತಾಗುವುದಿಲ್ಲ. ನೀರಿನಲ್ಲಿ ನಿಲ್ಸಾ. ಕರ್ಲರ್ ಒಂದು ಬಿಚ್ಚಿ ಜೋತಾಡುತ್ತಿತ್ತು, ಕಣ್ಣು ಮಾತ್ರ ನನ್ನ ಮೇಲೆ.

ಶೂ ಕಾಲನ್ನೇ ಒತ್ತಿದೆ. ಗಟ್ಟಿಯಾಗಿ.

ಎತ್ತಿದರೆ ಬೆರಳಿಲ್ಲ. ರಬ್ಬರಿನ ಗೆರೆ. ಪಾಪೊ ಬಗ್ಗಿ ಸಿಮೆಂಟು ನೋಡಿದ, ನನ್ನ ಕಾಲು ನೋಡಿದ. "ಇವನ ಹೆಬ್ಬೆರಳಿನ ಉಗುರು ಸಿಪ್ಪೆ ಎದ್ದಿದೆ ಕಣ್ರೋ!" ದಡವೆಲ್ಲ ನಗು. ಮೈಕು ಕಿತ್ತುಕೊಂಡೆ.

"ಸಕ್ಕರೆ ಕಾಯಿಲೆ. ಕಾಲಿಗೆ ಏನೂ ಗೊತ್ತಾಗಲ್ಲ. ಹಿಮ್ಮಡಿಗೆ ಗಾಳ ಚುಚ್ಚಿಕೊಂಡು ಮನೆವರೆಗೂ ನಡೆದಿದೀನಿ. ಇನ್ನು ಶೂನೇ. ನಗೋರು ನಕ್ಕುಬಿಡಿ."

ಗಾಬಿನೊ ಬಂದು ನನ್ನ ಪಕ್ಕ ರ‍್ಯಾಂಪಿನ ಮೇಲೆ ಕೂತ. ಬಲಗಾಲಿನ ಶೂ ಬಿಚ್ಚಿದ. ಉಲ್ಟಾ ಕಾಲುಚೀಲ ಬಿಚ್ಚಿದ. ಹನ್ನೊಂದು ವರ್ಷದಲ್ಲಿ ಅವನ ಪಾದ ನೋಡಿದವರಿಲ್ಲ.

ನಾಲ್ಕೇ ಬೆರಳು.

"ಒರ್ಲಾಂಡೊದಲ್ಲಿ ಕೆಲಸ ಇರಲಿಲ್ಲ ಭಾವ. ಆಸ್ಪತ್ರೆ. ನನಗೂ ಸಕ್ಕರೆನೇ, ಬೆರಳಿಗೆ ಕಲ್ಲು ಚುಚ್ಚಿ ಕುಯ್ದದ್ದು ಗೊತ್ತೇ ಆಗಲಿಲ್ಲ, ಬೆರಳು ಕತ್ತರಿಸಿದ್ರು."

"ಹೇಳಬಾರದಿತ್ತಾ?"

"ನೀನು ಹೇಳಿದ್ಯಾ?" ಆಮೇಲೆ ಮೆಲ್ಲಗೆ ಅಂದ, "ಹನ್ನೊಂದು ವರ್ಷದಿಂದ ಶೂ ಹಾಕ್ಕೋ ಶೂ ಹಾಕ್ಕೋ ಅಂತ ಬಡ್ಕೊಂಡೆ. ನೀನು ಗೇಲಿ ಅಂದ್ಕೊಂಡೆ."

ಅವನನ್ನು ಹೆದರುಪುಕ್ಕಲ ಅಂದದ್ದು ಎಷ್ಟು ಸಲವೋ. ತಬ್ಬಿಕೊಂಡು ಅಲ್ಲೇ, ಎಲ್ಲರೆದುರಿಗೇ ಅತ್ತೆ. ನಿಲ್ಸಾ ನೀರಿನಿಂದ ಓಡಿ ಬಂದು ಅಣ್ಣನ ಪಾದ ನೋಡಿದಳು, ಬೆನ್ನಿಗೆ ನಾಲ್ಕು ಗುದ್ದಿದಳು, ಆಮೇಲೆ ಅವಳೂ ಅತ್ತಳು. ಸಿಮೆಂಟು ಆರುವ ಮೊದಲು ಅವನ ಶೂ ಹೆಜ್ಜೆಯನ್ನೂ ನನ್ನದರ ಪಕ್ಕ ಒತ್ತಿಸಿದೆ. ಗೆದ್ದವನದು ಮಾತ್ರ ಅಂತ ಪಾಪೊ ತಕರಾರು ತೆಗೆದ. ತಳ್ಳಿದೆ ಅವನನ್ನು.

ಮೇ 29, ಸೋಮವಾರ, ಬೆಳಗ್ಗೆ 7

ಬೆಳಗ್ಗೆ ಆರಕ್ಕೇ ಗಾಬಿನೊ ಹಾಜರ್. ಅಣ್ಣನಿಗೂ ದಿನಾ ತಪಾಸಣೆ ಅಂತ ನಿಲ್ಸಾಳ ಅಪ್ಪಣೆ. ಬಾಲ್ಕನಿಯಲ್ಲಿ ಇಬ್ಬರೂ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದೇವೆ. ಇಬ್ಬರಿಗೂ ಸಕ್ಕರೆಯಿಲ್ಲದ ಕಾಫಿ. ಕಷಾಯ, ಕಷಾಯ.

ಕನ್ನಡಿ ಅವನ ಕಾಲಿನ ಹತ್ತಿರ ಇದೆ. ಬೈಗುಳ ನಡೆಯುತ್ತಿದೆ. ಅವಳ ಇನ್ನೊಂದು ಕೈಯಲ್ಲಿ ಬಣ್ಣದ ಬಾಟಲಿ — ಅವನ ಶೂ ಮೇಲೂ ಬೆರಳು ಬರೆಯುತ್ತಾಳಂತೆ. ಐದು ಬರೆಯಲೋ ನಾಲ್ಕೋ ಅಂತ ಕೇಳಿದಳು.

"ಆರು ಬರಿ, ಮುಂದಿನ ವರ್ಷ ಭಾವನ್ನ ಸೋಲಿಸ್ತೀನಿ" ಅಂದ.

ಈಗ ನನ್ನ ಸರದಿ. ಪೆನ್ನು ಕೆಳಗಿಡು, ಕಾಲು ಕೊಡು ಅಂತಿದ್ದಾಳೆ. ಒಂದು ಸಾಲು ತಡಿ ಮಾರಾಯ್ತಿ, ಹೆದರುಪುಕ್ಕಲ ಅಂದದ್ದಕ್ಕೆ ಗಾಬಿನೊಗೆ ಹೇಳಬೇಕಾದದ್ದು ಒಂದಿದೆ, ಬಾಯಲ್ಲಿ ಬರುವುದಿಲ್ಲ, ಬರೆದಾದರೂ —